ಎದುರಿಗಿಟ್ಟ ತಟ್ಟೆ

2012ರಲ್ಲಿ ಘಣಸೋಲಿಯ ಕನ್ನಡ ಸಂಘ ಜರ್ಮನಿಯ ಒಂದೂರಿನ ಜೊತೆ ‘ಅವಳಿ ಊರು’ ಎಂಬ ನಂಟು ಕಟ್ಟಿಕೊಂಡಿತು. ಅಲ್ಲಿಂದ ಬಂದವರಿಗೆ ಒಂದು ಮಧ್ಯಾಹ್ನ ಸದಸ್ಯರ ಮನೆಗಳಲ್ಲೇ ಊಟ. ದಮಯಂತಿಯ ಪಾಲಿಗೆ ಬಂದವಳು ಉರ್ಸುಲಾ ಎಂಬ ನರೆಗೂದಲಿನ ಹೆಂಗಸು. ದಮಯಂತಿಯ ಗಂಡ ತೀರಿಕೊಂಡ ಮೇಲೆ ಆ ಮನೆಗೆ ಉಣ್ಣಲು ಬಂದವರು ಬೇರೆ ಯಾರೂ ಇರಲಿಲ್ಲ.

ನೀರುದೋಸೆ, ಕೋಳಿಸಾರು ಬಡಿಸಿ ದಮಯಂತಿ ಪಕ್ಕದಲ್ಲಿ ನಿಂತಳು. ಉಡುಪಿ ಕಡೆಯ ಮನೆಯಾಕೆ ಉಣ್ಣುವುದು ನೆಂಟರು ಎದ್ದ ಮೇಲೆಯೇ. ಉರ್ಸುಲಾ ಮಾತ್ರ ಕೈಗಳನ್ನು ಮಡಿಲಲ್ಲಿಟ್ಟು ನಗುತ್ತ ಕೂತಳೇ ಹೊರತು ತಟ್ಟೆ ಮುಟ್ಟಲಿಲ್ಲ. ಖಾರಕ್ಕೆ ಹೆದರಿದಳೇನೋ ಎಂದು ದಮಯಂತಿ ಮೊಸರು ತಂದಳು, ಬೆಲ್ಲ ಹಾಕಿದ ಕಾಯಿತುರಿ ತಂದಳು, ಕೊನೆಗೆ ಬ್ರೆಡ್ಡೂ ತಂದಳು. ಯಾವುದಕ್ಕೂ ಕೈ ಬರಲಿಲ್ಲ.

“ಇವರನ್ನು ಸೀದಾ ಹೋಟೆಲಿಗೇ ಕರ್ಕೊಂಡು ಹೋಗ್ಬಹುದಿತ್ತು ಸಂಘದವರು,” ಎಂದು ಸಿಟ್ಟಿನಲ್ಲಿ ಗೊಣಗಿದಳು.

ಉರ್ಸುಲಾ ಎದ್ದು, ಸ್ಟ್ಯಾಂಡಿನಿಂದ ಇನ್ನೊಂದು ತಟ್ಟೆ ತೆಗೆದು ಎದುರಿಗಿಟ್ಟು, ಕುರ್ಚಿ ಎಳೆದಳು. ದಮಯಂತಿ ಕೂತು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಅವಳು ದೋಸೆ ಮುರಿದಳು.

ಸಂಜೆ ಸಂಘದ ಬಸ್ಸು ಬಂದು ಅವಳನ್ನು ಕರೆದೊಯ್ದಿತು.

ಮರುದಿನ ಮಧ್ಯಾಹ್ನ ದಮಯಂತಿ ತನಗೊಬ್ಬಳಿಗೆ ಗಂಜಿ ಬಡಿಸಿಕೊಂಡಳು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅದು ಆರಿ ತಣ್ಣಗಾಗುವವರೆಗೂ ಎದುರಿನ ಕುರ್ಚಿಯನ್ನೇ ನೋಡುತ್ತ ಕೂತಳು.