ಅಪ್ಪ ಹುಟ್ಟಿದ ವರ್ಷ

"ಗೀಸರ್ ಹೊತ್ಕೊಳ್ಳಲೇ ಇಲ್ಲ. ತಣ್ಣೀರಲ್ಲೇ ಸ್ನಾನ ಮಾಡಿದ್ರಾ?"

ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಹೊರಬಂದ ಮುರಳೀಧರನನ್ನು ಮೈಥಿಲಿ ಅಡುಗೆಮನೆಯಿಂದಲೇ ಕೇಳಿದಳು. ಲೈಡನ್ನಿನ ಆ ಹಳೆಯ ಬಾಡಿಗೆ ಮನೆಯಲ್ಲಿ ಗೀಸರ್ ಇದ್ದದ್ದು ಅಡುಗೆಮನೆಯ ಗೋಡೆಯಲ್ಲಿ. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಇಲ್ಲಿ ಧುಗ್ಗೆಂದು ಗ್ಯಾಸಿನ ಉರಿ ಏಳುತ್ತಿತ್ತು. ಹಾಗಾಗಿ ಯಾರು ಯಾವಾಗ ಸ್ನಾನ ಮಾಡಿದರು, ಎಷ್ಟು ಹೊತ್ತು ಮಾಡಿದರು ಎಂಬುದು ಒಲೆಯ ಮುಂದೆ ನಿಂತವರಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಸೈಕಲ್ ತುಳಿದು ಬಂದೆನಲ್ಲ, ಸೆಕೆಯಾಗಿತ್ತು ಎಂದ. ಮೇ ತಿಂಗಳ ಹಾಲೆಂಡಿನಲ್ಲಿ ಸೆಕೆ! ಅವಳು ಸ್ವೆಟರ್ ಹಾಕಿಕೊಂಡೇ ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು. ನಿಮ್ಮ ತಲೆ ಕೆಟ್ಟಿದೆ ಎಂದು ನಕ್ಕು, ಹೇಗೂ ಮಡಿಯಾಗಿದ್ದೀರಲ್ಲ, ದೇವರಿಗೆ ದೀಪ ಹಚ್ಚಿಬಿಡಿ ಎಂದಳು. ನೀನೇ ಹಚ್ಚು, ನನಗೆ ಚಳಿ ಎಂದು ಅವನು ಟವೆಲ್ ಹೊದ್ದುಕೊಂಡ. ಇದೊಳ್ಳೆ ಕಥೆ, ಈಗ ತಾನೆ ಸೆಕೆ ಅಂದವರಿಗೆ ಈಗ ಚಳಿಯಂತೆ ಎನ್ನುತ್ತ ಅವಳೇ ಕೈತೊಳೆದು ಹೋಗಿ, ಕಪಾಟಿನ ಮೂಲೆಯಲ್ಲಿದ್ದ ದೇವರ ಪಟಗಳ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿ ನಿಂತಳು. ಮುರಳೀಧರ ಬಾಗಿಲಿಗೊರಗಿ ನೋಡುತ್ತಿದ್ದ.

ಅವಳಪ್ಪ ಸತ್ತುಹೋಗಿದ್ದರು. ಹಿಂದಿನ ದಿನ ಸಂಜೆ, ಮೈಸೂರಿನಲ್ಲಿ.

ಅವಳ ಅಣ್ಣ ಶೇಷಾದ್ರಿ ಅವತ್ತು, ಮಂಗಳವಾರ, ನೂರ್ಡ್‌ವೈಕಿನಲ್ಲಿದ್ದ ಮುರಳೀಧರನ ಆಫೀಸಿಗೆ ಫೋನ್ ಮಾಡಿದ್ದ. ಮನೆಗೆ ಮಾಡಿದರೆ ತಂಗಿ ಎತ್ತಿಬಿಟ್ಟಾಳೆಂಬ ಭಯ. ಅಪ್ಪ, ನಾರಾಯಣಸ್ವಾಮಿಗಳು, ಐದು ದಿನದಿಂದ ಆಸ್ಪತ್ರೆಯಲ್ಲಿದ್ದರಂತೆ. ಅದನ್ನೂ ಇವರಿಗೆ ತಿಳಿಸಿರಲಿಲ್ಲ. ಭಾನುವಾರ ಮೈಥಿಲಿ ಫೋನ್ ಮಾಡಿದಾಗ ಅಪ್ಪ ದೇವಸ್ಥಾನಕ್ಕೆ ಹೋಗಿದಾರೆ ಎಂದು ಸುಳ್ಳು ಹೇಳಿದ್ದ. ಅವತ್ತು ಬೆಳಿಗ್ಗೆ ಸಂಸ್ಕಾರವನ್ನೂ ಮುಗಿಸಿ ಬಂದದ್ದೂ ಆಗಿತ್ತು.

"ಅವಳಿಗೆ ಈಗ್ಲೇ ಹೇಳ್ಬೇಡಿ ಮುರಳಿ," ಎಂದಿದ್ದ ಶೇಷಾದ್ರಿ. "ಹೊರಟು ಬಂದ್ರೂ ಮುಖ ಸಿಗಲ್ಲ. ಟ್ರಿಪ್ಪಿಗೆ ಟಿಕೆಟ್ ಎಲ್ಲಾ ಆಗಿದೆ, ನೆಮ್ಮದಿಯಾಗಿ ಹೋಗ್ಬಿಟ್ಟು ಬರ್ಲಿ. ಭಾನುವಾರ ವಾಪಸ್ ಬಂದ್ಮೇಲೆ ನಿಧಾನಕ್ಕೆ ಹೇಳಿ. ಅಪ್ಪಾನೂ ಅದನ್ನೇ ಹೇಳಿದ್ರು. ಅವಳು ಈಗ ತಾನೇ ನಗೋಕ್ಕೆ ಶುರು ಮಾಡಿದಾಳೆ, ಕೆಡಿಸ್ಬೇಡಿ ಅಂತ."

ಕೆಟ್ಟ ಸುದ್ದಿ ಮುಚ್ಚಿಡುವುದಕ್ಕೆ ನಮ್ಮವರಲ್ಲಿ ಒಳ್ಳೆಯ ಮನಸ್ಸು ಎಂದು ಹೆಸರು. ಪರೀಕ್ಷೆ ಬರೆಯುವವರಿಗೆ ಹೇಳುವುದಿಲ್ಲ, ಬಸುರಿಗೆ ಹೇಳುವುದಿಲ್ಲ, ದೂರದ ಊರಿನಲ್ಲಿರುವವರಿಗಂತೂ ಹೇಳುವುದೇ ಇಲ್ಲ. ಮುಚ್ಚಿಟ್ಟವರು ಆಮೇಲೆ ವರ್ಷಗಟ್ಟಲೆ ಬೈಸಿಕೊಳ್ಳುತ್ತಾರೆ, ಮುಂದಿನ ಸಾವಿಗೆ ಮತ್ತೆ ಹಾಗೆಯೇ ಮಾಡುತ್ತಾರೆ. ಮುರಳೀಧರ ಕೆಟ್ಟವನಲ್ಲ. ಹೂಂ ಅಂದುಬಿಟ್ಟ.

ಅಂದದ್ದಕ್ಕೆ ಕಾರಣವೂ ಇತ್ತು. ಕಳೆದ ಅಕ್ಟೋಬರಿನಲ್ಲಿ ಮೈಥಿಲಿಗೆ ಐದು ತಿಂಗಳಿಗೇ ಬಸಿರು ಇಳಿದುಹೋಗಿತ್ತು. ಇಡೀ ಚಳಿಗಾಲ ಅವಳು ಕಾಲುವೆಯ ಕಡೆಯ ಕಿಟಕಿಯಲ್ಲಿ ಕೂತಿದ್ದಳು. ಮಾತಿಲ್ಲ, ಕಥೆಯಿಲ್ಲ. ಬೆಳಿಗ್ಗೆ ಮಾಡಿಟ್ಟ ಕಾಫಿ ಸಂಜೆಯವರೆಗೂ ಕೆನೆಗಟ್ಟಿಕೊಂಡು ಅಲ್ಲೇ ಇರುತ್ತಿತ್ತು. ತಾಯಿಯಿಲ್ಲದ ಹುಡುಗಿ, ಸಾಕಿದ್ದೆಲ್ಲ ಅಪ್ಪ. ಆ ಅಪ್ಪನಿಗೆ ಫೋನ್ ಮಾಡಿದರೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಫೆಬ್ರವರಿಯಲ್ಲಿ ಕೆಳಗಿನ ಮನೆಯ ಗ್ರಾಸಾ, ಪೋರ್ಚುಗಲ್ಲಿನ ಪೋರ್ಟೊ ಊರಿನ ವಯಸ್ಸಾದ ಹೆಂಗಸು, ಒಂದು ದಿನ ಬಾಗಿಲು ತಟ್ಟಿ, ಇವಳನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ, ಉಗುರಿನುದ್ದದ ಲೋಟದಲ್ಲಿ ತನ್ನೂರಿನ ವೈನ್ ಕೊಟ್ಟಳು. ಹುಟ್ಟಿದಾರಭ್ಯ ಹೆಂಡದ ಹನಿ ಮುಟ್ಟದ ಮೈಥಿಲಿ ಅದನ್ನು ಕುಡಿದು ಬಂದು, ಒಳ್ಳೆ ಬೆಲ್ಲದ ಪಾಕದ ಹಾಗಿದೆ ರೀ ಎಂದು ನಾಲ್ಕು ತಿಂಗಳ ಮೇಲೆ ಮೊದಲ ಸಲ ನಕ್ಕಿದ್ದಳು. ಪೋರ್ಟೊಗೆ ಹೋಗುವ ಮಾತು ಹುಟ್ಟಿದ್ದು ಆವತ್ತು.

ಈಗ ಊಟದ ಮೇಜಿನ ತುಂಬ ಅದೇ. ಲೈಬ್ರರಿಯಿಂದ ತಂದ ಪುಸ್ತಕ, ಊರಿನ ನಕ್ಷೆ, ಗ್ರಾಸಾ ಬರೆದುಕೊಟ್ಟ ಚೀಟಿ. ಗುರುವಾರ ಏಸು ಸ್ವರ್ಗಕ್ಕೇರಿದ ಹೆಮೆಲ್‌ಫಾರ್ಟ್ ಹಬ್ಬದ ರಜೆ, ಶುಕ್ರವಾರವೂ ಆಫೀಸಿಲ್ಲ, ಒಟ್ಟು ನಾಲ್ಕು ದಿನ. ಆ ಊರಿನ ಜನಕ್ಕೆ ದನದ ಕರುಳಿನ ಹುಳಿ ಅಂದರೆ ಪ್ರಾಣವಂತೆ, ಅದು ಬಿಟ್ಟರೆ ಒಣಮೀನು. ಪುಳಿಚಾರು ತಿನ್ನುವ ನಮಗೆ ಅಲ್ಲಿ ಏನಿದೆ ಎಂದು ಮುರಳೀಧರ ಹಿಂದೆ ತಮಾಷೆ ಮಾಡಿದ್ದಕ್ಕೆ, ಅವಳು ಗ್ರಾಸಾಳನ್ನು ಕಾಡಿ ಬೇಡಿ ಒಂದು ಪಟ್ಟಿಯನ್ನೇ ಬರೆಸಿಕೊಂಡಿದ್ದಳು. ಸೊಪ್ಪು ಆಲೂಗಡ್ಡೆಯ ಸಾರು, ಮಾಂಸದ ಚೂರು ಹಾಕಬೇಡಿ ಎನ್ನಬೇಕು. ಜೋಳದ ಬ್ರೆಡ್. ಕುರಿ ಹಾಲಿನ ಚೀಸ್. ಗಟ್ಟಿ ಹಾಲಿನ ಬಟ್ಟಲು ಸಿಹಿ. ಅದರಲ್ಲಿ ಮೊಟ್ಟೆಯಿದೆ, ಗೊತ್ತಿಲ್ಲದ ಹಾಗೆ ತಿಂದುಬಿಡಿ ಎಂದು ಗಂಡನಿಗೆ ಹೇಳಿಟ್ಟಿದ್ದಳು.

ಆದರೆ ಇದೆಲ್ಲ ನೆಪ. ಅವಳು ಹೊರಟಿದ್ದದ್ದು ಒಂದು ಬಾಟಲಿಗಾಗಿ.

ನಾರಾಯಣಸ್ವಾಮಿಗಳು ಅಬಕಾರಿ ಇನ್‌ಸ್ಪೆಕ್ಟರಾಗಿದ್ದವರು. ನಂಜನಗೂಡು, ಹುಣಸೂರು, ಚಾಮರಾಜನಗರ ಎಂದು ಮೂವತ್ತು ವರ್ಷ ಕಳ್ಳಭಟ್ಟಿಯ ಹಿಂದೆ ಅಲೆದರು. ಒಂದು ತೊಟ್ಟು ನಾಲಿಗೆಗೆ ಇಟ್ಟವರಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು, ಯಾವ ಹಳ್ಳಿಯದು, ಎಷ್ಟು ನೀರು ಬೆರೆಸಿದ್ದಾರೆ, ಎಲ್ಲ ಹೇಳಿಬಿಡುತ್ತಿದ್ದರು. ಮನೆಗೆ ಬಂದು ಹಿತ್ತಲಲ್ಲೇ ಸ್ನಾನ ಮಾಡಿ, ಮಗಳಿಗೆ ಊಟ ಬಡಿಸುತ್ತ ಅವತ್ತು ಮೂಸಿದ್ದನ್ನು ವರ್ಣಿಸುತ್ತಿದ್ದರು. ಗ್ರಾಸಾಳ ಮನೆಯ ವೈನಿನ ವಿಷಯ ಹೆದರಿ ಹೆದರಿ ಬರೆದಿದ್ದ ಮೈಥಿಲಿಗೆ ಅವರು ಬೈದು ಬರೆಯಲಿಲ್ಲ. ವಾಸನೆ ಹೇಗಿತ್ತು ಎಂದು ಕೇಳಿದ್ದರು. ಕುಡಿಯುವುದು ನನ್ನ ಕೈಲಾಗದು ಮಗು, ಸತ್ತರೂ ಕುಡಿಯುವವನಲ್ಲ, ಆದರೆ ನನ್ನಷ್ಟೇ ವಯಸ್ಸಾದ್ದು ಒಂದು ಸಿಕ್ಕರೆ ಮೂಸಿ ನೋಡಬೇಕು ಅಂತ ಆಸೆ ಎಂದಿದ್ದರು. ಆ ಕಾಗದವನ್ನು ಅವಳು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು. ಮುರಳೀಧರ ಅದನ್ನು ಓದಿರಲಿಲ್ಲ. ಅಪ್ಪನಿಗೊಂದು ಬಾಟಲಿ ಎಂಬಷ್ಟೇ ಅವನಿಗೆ ಗೊತ್ತು.

ಪೋರ್ಟೊದಲ್ಲಿ ಹೊಳೆಯಾಚೆಯ ನೆಲಮಾಳಿಗೆಗಳಲ್ಲಿ ಒಂದೊಂದು ವರ್ಷದ ವೈನನ್ನು ಬೇರೆಬೇರೆ ಪೀಪಾಯಿಯಲ್ಲಿ ಇಟ್ಟಿರುತ್ತಾರೆ, ಹುಟ್ಟಿದ ವರ್ಷ ಹೇಳಿದರೆ ಹುಡುಕಿಕೊಡುತ್ತಾರೆ ಎಂದು ಗ್ರಾಸಾ ಹೇಳಿದ್ದಳು. ಆ ರಾತ್ರಿ ಸಾರನ್ನ ಉಣ್ಣುತ್ತ ಮೈಥಿಲಿಗೆ ಇದ್ದದ್ದು ಅದೊಂದೇ ಚಿಂತೆ.

"ರೀ, ಅಪ್ಪನ ರೆಕಾರ್ಡಲ್ಲಿರೋದು ಮೂವತ್ಮೂರು. ಅದು ಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು ತಾವೇ ಬರ್ಕೊಂಡಿದ್ದು. ನಿಜವಾದ ವರ್ಷ ಬೇರೆ. ಈಗ್ಲೇ ಒಂದು ಫೋನ್ ಮಾಡಿ ಕೇಳ್ಬಿಡ್ತೀನಿ."

ಅಲ್ಲೀಗ ಹತ್ತೂವರೆ, ಮಲಗಿರ್ತಾರೆ ಎಂದ ಮುರಳೀಧರ. ಲೋಟ ಎತ್ತಿ ನೀರು ಕುಡಿದ. ನಾಳೆ ಆಫೀಸಿನಿಂದ ನಾನೇ ಕೇಳ್ತೀನಿ, ನೀನು ಪ್ಯಾಕಿಂಗ್ ನೋಡಿಕೋ ಎಂದ. ಹಾಗೇ ಕೆಮ್ಮು ಹೇಗಿದೆ ಅಂತಲೂ ಕೇಳಿ, ಭಾನುವಾರ ಮಾತಾಡೋಕೆ ಸಿಗಲಿಲ್ಲ ಎಂದಳು ಅವಳು.

ಸಾವಿನ ಸುದ್ದಿ ಕಿವಿಗೆ ಬಿದ್ದರೆ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಬೇಕು. ಮುರಳೀಧರ ಸಂಧ್ಯಾವಂದನೆ ಬಿಟ್ಟು ಯಾವ ಕಾಲವಾಯಿತೋ. ಆಫೀಸಿನ ಪಾರ್ಟಿಗಳಲ್ಲಿ ಏನು ತಿಂದ, ಏನು ಕುಡಿದ ಎಂಬುದನ್ನು ಊರಲ್ಲಿ ಹೇಳುವ ಹಾಗೂ ಇರಲಿಲ್ಲ. ಆದರೂ ಮಾವ ಹೋದ ಸುದ್ದಿ ಕೇಳಿ, ಸ್ನಾನ ಮಾಡದೆ, ಅವರ ಮಗಳ ಕೈಯಿಂದ ಅನ್ನ ಹಾಕಿಸಿಕೊಳ್ಳುವುದು ಅವನಿಂದ ಆಗಲಿಲ್ಲ. ಸುಳ್ಳು ಹೇಳಲು ತಯಾರಾಗಿ ಬಂದವನು ಸ್ನಾನ ಒಂದನ್ನು ಬಿಡಲಾರದೆ ಹೋದ.

ಮರುದಿನ ಬೆಳಿಗ್ಗೆ ಮನೆಯಿಂದ ಊರಿಗೆ ಫೋನ್ ಮಾಡುವ ಕಾರ್ಡನ್ನು ಅವಳಿಗೆ ಕಾಣದ ಹಾಗೆ ಪಾಕೀಟಿಗೆ ಹಾಕಿಕೊಂಡು ಹೊರಟ. ಅವಳು ಹಗಲಲ್ಲಿ ತಾನೇ ಮಾಡಿಬಿಟ್ಟರೆ? ಕಳ್ಳತನ ಮಾಡಿದ ಹಾಗಾಯಿತು. ಆಫೀಸಿನಿಂದ ಮೈಸೂರಿಗೆ ಮಾಡಿದಾಗ ಶೇಷಾದ್ರಿ ಅಸ್ಥಿ ಬಿಟ್ಟು ಪಶ್ಚಿಮವಾಹಿನಿಯಿಂದ ಆಗತಾನೆ ಬಂದಿದ್ದ. ಮಾವನವರ ನಿಜವಾದ ಹುಟ್ಟಿದ ವರ್ಷ ಬೇಕಿತ್ತು ಎಂದ ಮುರಳೀಧರ. ಅದ್ಯಾಕೆ ಈಗ ಎಂದು ಗೊಂದಲದಲ್ಲೇ ಬೀರು ತೆಗೆದು ಜಾತಕ ಹುಡುಕಿ ಓದಿದ ಶೇಷಾದ್ರಿ. ಪ್ರಜೋತ್ಪತ್ತಿ ಸಂವತ್ಸರ, ಅಂದರೆ ಮೂವತ್ತೊಂದು. ಯಾಕೆ ಎಂದು ಮತ್ತೆ ಕೇಳಿದಾಗ ಬಾಟಲಿಯ ವಿಷಯ ಹೇಳಲೇಬೇಕಾಯಿತು. ಆ ಕಡೆಯಿಂದ ಶೇಷಾದ್ರಿ ಅಳುವುದು ಕೇಳಿಸಿತು.

"ಹೇಳ್ಬಿಡ್ಲಾ ಭಾವ?" ಎಂದ ಮುರಳೀಧರ.

"ನನ್ನೇನ್ ಕೇಳ್ತೀರಿ ಮುರಳಿ," ಎಂದ ಶೇಷಾದ್ರಿ. "ಅಪ್ಪ ಹಾಗಂದ್ರು. ನಾನೂ ಅಂದೆ. ನಂಗೊಂದೂ ತಿಳೀತಿಲ್ಲ."

ಸಂಜೆ ಬಿರುಗಾಳಿಗೆ ಎದುರಾಗಿ ಸೈಕಲ್ ತುಳಿಯುತ್ತ ಮುರಳೀಧರ ಹೇಳಿಬಿಡಬೇಕೆಂದೇ ತೀರ್ಮಾನಿಸಿದ. ಇವತ್ತೇ ಹೇಳಿದರೆ ನಾಳೆ ಪೋರ್ಟೊ ಬಿಟ್ಟು ಊರಿನ ವಿಮಾನ ಹತ್ತಬಹುದು, ಹತ್ತನೆಯ ದಿನಕ್ಕೆ ಅವಳು ಅಲ್ಲಿರುತ್ತಾಳೆ. ಹೇಳದಿದ್ದರೆ ಅಪ್ಪನ ಸೂತಕದಲ್ಲಿ ನಗುತ್ತ, ತಿನ್ನುತ್ತ, ವೈನ್ ಕುಡಿಯುತ್ತ ತಿರುಗುತ್ತಾಳೆ. ಅದನ್ನು ಅವಳು ಯಾವತ್ತೂ ಕ್ಷಮಿಸುವುದಿಲ್ಲ. ಮೊದಲು ಕೂರಿಸಬೇಕು. ಕೈ ಹಿಡಿದುಕೊಳ್ಳಬೇಕು. ಮಾವನವರಿಗೆ ಸ್ವಲ್ಪ ಹುಷಾರಿರಲಿಲ್ಲವಂತೆ ಎಂದು ಶುರು ಮಾಡಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ.

ಬಾಗಿಲು ತೆಗೆದವಳು ತಲೆಗೂದಲು ಕತ್ತರಿಸಿಕೊಂಡಿದ್ದಳು. ಮದುವೆಗೆ ಮುಂಚಿನ ಫೋಟೊದಲ್ಲಿದ್ದ ಹಾಗೆ ಭುಜದವರೆಗೆ ಮಾತ್ರ. ಗ್ರಾಸಾಳೇ ಕೂರಿಸಿ ಕತ್ತರಿಸಿದಳಂತೆ. ನಡುಮನೆಯಲ್ಲಿ ಸೂಟ್‌ಕೇಸ್ ತೆರೆದಿತ್ತು. ಬಟ್ಟೆಗಳ ಮಧ್ಯೆ ದಪ್ಪನೆಯ ಟವೆಲೊಂದನ್ನು ಸುರುಳಿ ಸುತ್ತಿಟ್ಟಿದ್ದಳು, ವಾಪಸು ಬರುವಾಗ ಬಾಟಲಿ ಒಡೆಯದಿರಲೆಂದು. ಚೆನ್ನಾಗಿದೆಯಾ ಎಂದು ತಲೆ ಆ ಕಡೆ ಈ ಕಡೆ ತಿರುಗಿಸಿ ತೋರಿಸಿದಳು. ಮುರಳೀಧರ ಜೋಡಿಸಿಕೊಂಡು ಬಂದ ಮಾತು ಬಿಟ್ಟು, ಚೆನ್ನಾಗಿದೆ ಎಂದ.

"ಮೂವತ್ತೊಂದು," ಎಂದ. "ಪ್ರಜೋತ್ಪತ್ತಿ ಸಂವತ್ಸರವಂತೆ."

ಅವಳು ಗ್ರಾಸಾಳ ಚೀಟಿಯ ಕೆಳಗೆ 1931 ಎಂದು ಬರೆದು ಅಡಿಗೆರೆ ಎಳೆದಳು. ಎಷ್ಟು ಖುಷಿಯಾಗಿದ್ದಳೆಂದರೆ ಪೆನ್ಸಿಲ್ ಕೆಳಗಿಡಲೇ ಇಲ್ಲ.

"ಅಪ್ಪ ತಕ್ಷಣ ಹೇಳ್ಬಿಟ್ರಾ? ಸರ್ಕಾರದ್ದು ಬೇಕೋ ಜಾತಕದ್ದು ಬೇಕೋ ಅಂತ ಕೇಳಲಿಲ್ವಾ?"

"ಕೇಳಿದ್ರು, ಕೇಳಿದ್ರು."

"ಬಾಟಲಿ ವಿಷಯ ಹೇಳಿದ್ರಾ? ಏನಂದ್ರು?"

ಏನಾದರೂ ಹೇಳಲೇಬೇಕಿತ್ತು. ಅವಳ ಕಣ್ಣುಗಳು ಅರಳಿಕೊಂಡು ಕಾಯುತ್ತಿದ್ದವು. ಅವಳಿಗೆ ತುಂಬಾ ಸಂತೋಷವಾಗುವಂಥದ್ದೇ ಹೇಳೋಣವೆಂದು, ಒಳ್ಳೆಯ ಮನಸ್ಸಿನಿಂದಲೇ, ಮುರಳೀಧರ ಸತ್ತವರ ಬಾಯಲ್ಲಿ ಮಾತು ಹಾಕಿದ.

"ಬೇಗ ತರಕ್ಕೆ ಹೇಳಿ ಅವಳಿಗೆ, ಒಂದು ಲೋಟ ಕುಡಿದೇಬಿಡ್ತೀನಿ ಅಂದ್ರು."

"ಕುಡೀತೀನಿ ಅಂದ್ರಾ?"

"ಹೂಂ. ನಗ್ತಾ ಇದ್ರು."

ಮೈಥಿಲಿ ಅವನನ್ನೇ ನೋಡಿದಳು. ಮುಖದ ಮೇಲಿದ್ದ ನಗು ಒಮ್ಮೆಲೇ ಹೋಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಪೆನ್ಸಿಲನ್ನು ಚೀಟಿಯ ಪಕ್ಕಕ್ಕೆ ಸರಿಯಾಗಿ ಇಟ್ಟಳು.

"ಭಾನುವಾರ ಅಪ್ಪ ದೇವಸ್ಥಾನಕ್ಕೆ ಹೋಗಿರ್ಲಿಲ್ಲ, ಅಲ್ವಾ?"

ಅವನು ತೆರೆದ ಸೂಟ್‌ಕೇಸಿನ ಕಡೆ ನೋಡಿದ.

"ನೆನ್ನೆ ಯಾಕೆ ತಣ್ಣೀರಲ್ಲಿ ಸ್ನಾನ ಮಾಡಿದ್ರಿ?"

ಮುರಳೀಧರ ಬಾಯಿ ತೆರೆದ. ಮೈಥಿಲಿ ಎಂದ. ಅಳು ಬಂತು. ಅವಳು ಅಳಲಿಲ್ಲ. ಕಪಾಟಿನ ಮೂಲೆಯ ಕಡೆ ತಿರುಗಿ, ಹಿಂದಿನ ಸಂಜೆಯ ಬತ್ತಿ ಕರಕಾಗಿ ಬಿದ್ದಿದ್ದ ದೀಪವನ್ನು ನೋಡಿದಳು.

"ನಾನು ದೀಪ ಹಚ್ಚಿದೆ," ಎಂದಳು. "ನೀವು ನೋಡ್ಕೊಂಡು ನಿಂತಿದ್ರಿ."

ಬಚ್ಚಲಿಗೆ ಹೋದಳು. ಚಿಲಕ ಹಾಕಿಕೊಂಡ ಸದ್ದಾಯಿತು. ಮುರಳೀಧರ ಬಾಗಿಲವರೆಗೆ ಹೋಗಿ ಕೈಯೆತ್ತಿ, ತಟ್ಟದೆ ವಾಪಸು ಅಡುಗೆಮನೆಗೆ ಬಂದ. ಒಳಗೆ ನೀರು ಬೀಳತೊಡಗಿತು. ಉಟ್ಟ ಬಟ್ಟೆಯಲ್ಲೇ ನಿಂತಿರಬೇಕು, ಸದ್ದು ಮೆತ್ತಗಿತ್ತು. ಅವನು ಗೀಸರಿನ ಮುಂದೆ ನಿಂತ. ಅದರ ಕಿಂಡಿಯಲ್ಲಿ ಯಾವಾಗಲೂ ಇರುವ ಬೆರಳ ತುದಿಯಷ್ಟು ನೀಲಿ ಉರಿ ಇದ್ದಷ್ಟೇ ಇತ್ತು. ನೀರು ಬೀಳುತ್ತಲೇ ಇತ್ತು.