ಎಡಗಡೆಯ ತಂತಿ

ಮಾದರಿ ವಿಮಾನಕ್ಕೆ ರಬ್ಬರ್ ದಾರ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಎಳೆದಷ್ಟು ಬರುತ್ತದೆ, ಸೊಟ್ಟಗಿದ್ದದ್ದನ್ನೂ ನೆಟ್ಟಗೆ ತೋರಿಸುತ್ತದೆ. ನಾನು ಉಕ್ಕಿನ ತಂತಿಯನ್ನೇ ಹಾಕುವವನು. ಅಸಲಿ ವಿಮಾನದ ಒಂದೊಂದು ತಂತಿಯನ್ನೂ ಅಳೆದು, ಆ ಅಳತೆಯನ್ನು ಇಳಿಸಿ, ಅಷ್ಟೇ ಉದ್ದಕ್ಕೆ ಕತ್ತರಿಸುತ್ತೇನೆ.

ಈ ಸಲದ ಅಸಲಿ ನನ್ನ ಅಳಿಯನದು. ಒಂದರ ಮೇಲೊಂದು ರೆಕ್ಕೆಯಿರುವ ಹಳೆಯ ವಿಮಾನ. ಗುಜರಿಯಿಂದ ತಂದು ತಾನೇ ರಿಪೇರಿ ಮಾಡಿ ಒಬ್ಬನೇ ನಾಲ್ಕಾರು ಸಲ ಹಾರಿದ್ದ. ಭಾನುವಾರ ನನ್ನ ಮಗಳನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವವನಿದ್ದ. ಅಷ್ಟರೊಳಗೆ ಅದರ ಪುಟ್ಟ ಮಾದರಿ ಬೇಕೆಂದು ಮಗಳ ಹಟ.

ಬಲಗಡೆಯ ತಂತಿಗಳು ಸಲೀಸಾಗಿ ಕೂತವು. ಎಡಗಡೆ, ವಿಮಾನದ ಹೊಟ್ಟೆಯಡಿಯಿಂದ ಮೇಲಿನ ರೆಕ್ಕೆಗೆ ಹೋಗುವ ತಂತಿ ಕಟ್ಟಿದಾಗ ರೆಕ್ಕೆಯ ತುದಿ ಕೆಳಗೆ ಬಾಗಿತು. ಕಿತ್ತು ಬಿಸಾಡಿ ಇನ್ನೊಂದು ಕಟ್ಟಿದೆ. ಮತ್ತೆ ಅದೇ ಗೋಳು.

"ರೀ, ಬೆಳಗ್ಗೆಯಿಂದ ಆ ತಂತಿ ಜತೆ ಜಗಳ ಆಡ್ತಿದ್ದೀರಲ್ಲ, ನನ್ನ ಜತೆ ಆಡೋಕೆ ಸ್ವಲ್ಪ ಉಳಿಸ್ಕೊಳ್ಳಿ" ಎಂದಳು ಹೆಂಡತಿ.

ಅಳಿಯನ ಶೆಡ್ಡಿಗೆ ಹೋಗಿ ಮತ್ತೆ ಅಳೆದೆ. ನನ್ನ ಅಳತೆ ತಪ್ಪಿರಲಿಲ್ಲ. ಅಸಲಿಯ ಎಡ ತಂತಿಯೇ ಬಲದ್ದಕ್ಕಿಂತ ಒಂದು ಬೆರಳು ಗಿಡ್ಡ. ಆದರೂ ಮೇಲಿನ ರೆಕ್ಕೆ ಬಾಗದೆ ನೆಟ್ಟಗೆ ನಿಂತಿತ್ತು.

"ಆ ಕಡೆದು ಹಾರಿ ಬಂದಾಗಲೆಲ್ಲ ಸಡಿಲ ಆಗುತ್ತೆ ಮಾವ. ತಿರುಪನ್ನ ಒಂದೆರಡು ಸುತ್ತು ಬಿಗಿ ಮಾಡಿದ್ರೆ ಸರಿಹೋಗುತ್ತೆ" ಎಂದ ಅಳಿಯ.

ತಂತಿ ಗಿಡ್ಡವಾಗಿಯೂ ರೆಕ್ಕೆ ಬಾಗಿಲ್ಲವೆಂದರೆ, ರೆಕ್ಕೆಯೇ ಬುಡದಲ್ಲಿ ಒಳಕ್ಕೆ ಸರಿದಿದೆ ಎಂದರ್ಥ. ಸಡಿಲವಾಗುತ್ತಿದ್ದದ್ದು ತಂತಿಯಲ್ಲ. ಮೇಲಿನ ರೆಕ್ಕೆಯ ಬುಡದಲ್ಲಿ, ಹೊದಿಸಿದ ಬಟ್ಟೆಯ ಒಳಗೆ, ಮರ ಕುಸಿಯುತ್ತಿತ್ತು. ಕುಸಿದಷ್ಟೂ ಇವನು ಬಿಗಿ ಮಾಡುತ್ತಿದ್ದ, ಬಿಗಿ ಮಾಡಿದಷ್ಟೂ ಅದು ಇನ್ನಷ್ಟು ಕುಸಿಯುತ್ತಿತ್ತು.

"ರೆಕ್ಕೆಯ ಬಟ್ಟೆ ಬಿಚ್ಚಿ ಒಳಗೆ ನೋಡಿ" ಎಂದೆ.

"ಬಿಚ್ಚಿದ್ರೆ ಮತ್ತೆ ತಿಂಗಳುಗಟ್ಟಲೆ ಕೆಲಸ. ಹೋದ ಸಲ ನನ್ನ ಸ್ಕೂಟರ್ ಬ್ರೇಕ್ ಹೋಗಿದೆ ಅಂತ ಬೀದೀಲಿ ಕೂಗಾಡಿದ್ರಲ್ಲ, ಏನಾಗಿತ್ತು ಅದಕ್ಕೆ? ಮಣ್ಣೂ ಆಗಿರ್ಲಿಲ್ಲ."

"ಸ್ಕೂಟರಿಂದ ಬಿದ್ರೆ ಮೊಣಕಾಲು ತರಚುತ್ತೆ ಕಣಯ್ಯಾ!" ಅಳಿಯನಿಗೆ ಕೊಡಬೇಕಾದ ಮರ್ಯಾದೆ ಬಾಯಿಂದ ಜಾರಿಹೋಗಿತ್ತು.

"ಅಪ್ಪಾ, ಸಾಕು ಮಾಡು" ಎಂದಳು ಗದ್ದಲ ಕೇಳಿ ಶೆಡ್ಡಿಗೆ ಬಂದ ಮಗಳು. "ನಿನ್ನ ಆಟಿಕೆ ಸರಿ ಬರದಿದ್ರೆ ಅವರ ವಿಮಾನಕ್ಕೆ ಯಾಕೆ ಬೈತೀಯ?"

ಭಾನುವಾರ ನಾನು ಶೆಡ್ಡಿನ ಮುಂದಿನ ಬಯಲಿಗೆ ಹೋದಾಗ ಅವಳು ಹೆಲ್ಮೆಟ್ ಹಾಕಿಕೊಂಡು ವಿಮಾನದ ಪಕ್ಕ ನಿಂತಿದ್ದಳು. ಅಳಿಯ ಎಡ ತಂತಿಯ ತಿರುಪಿಗೆ ಕೈ ಹಾಕಿದ್ದ. ಸದಾ ಕೂಗಾಡುವ ನಾನು ಅಂದು ಕೂಗಾಡಲಿಲ್ಲ. ಅದನ್ನು ಕಂಡೇ ಅವಳ ಮುಖ ಬಿಳಿಚಿಕೊಂಡಿತು.

"ನನಗೋಸ್ಕರ ಒಂದು ಕೆಲಸ ಮಾಡು ಮಗಳೇ. ಮೇಲೆ ಹತ್ತಿ ಆ ರೆಕ್ಕೆಯ ಬುಡಕ್ಕೆ ಅಂಗೈ ಇಡು."

ಹತ್ತಿ ಇಟ್ಟಳು. ಅಳಿಯ ತಿರುಪು ತಿರುಗಿಸಿದ. ಕಾದ ಹೆಂಚು ಮುಟ್ಟಿದವಳಂತೆ ಅವಳು ಕೈ ಕಿತ್ತುಕೊಂಡಳು.

"ರೀ, ಒಳಗೆ ಏನೋ ಪುಡಿಯಾಗ್ತಿದೆ."

"ಮರಕ್ಕೆ ಹಾಕಿದ ಅಂಟು ಸದ್ದು ಮಾಡುತ್ತೆ, ಅಷ್ಟೇ. ಸೀಟಿಗೆ ಹತ್ತು."

"ನಾನು ಬರಲ್ಲ."

ಅವನ ಮುಖ ಕೆಂಪೇರಿತು. "ಅಪ್ಪ ಮಗಳು ಸೇರ್ಕೊಂಡು ನಾಟಕ ಆಡ್ತಿದ್ದೀರಾ? ನೀನು ಬರದಿದ್ರೆ ಅಷ್ಟೇ ಹೋಯ್ತು, ನಾನೊಬ್ಬನೇ ಹೋಗ್ತೀನಿ."

ಹತ್ತಿ ಕುಳಿತು ಎಂಜಿನ್ ಶುರು ಮಾಡಿದ. ಹುಲ್ಲು ನೆಲಕ್ಕೆ ಮಲಗಿತು. ಮಗಳು ಓಡಿ ಕೆಳಗಿನ ರೆಕ್ಕೆಯ ತುದಿಯನ್ನು ತಬ್ಬಿ ಹಿಡಿದಳು. ನಾನೂ ಅವಳ ಪಕ್ಕ ಹೋಗಿ ಹಿಡಿದೆ. ಮರದ ನಡುಕ ಮೊಣಕೈವರೆಗೂ ಏರಿತು.

"ಬಿಡಿ!" ಎಂದು ಅವನು ಅರಚುತ್ತಿದ್ದುದು ಬಾಯಿ ನೋಡಿ ತಿಳಿಯಿತು. ಎಂಜಿನ್ ಇನ್ನೂ ಜೋರಾಯಿತು. ಚಕ್ರ ಉರುಳತೊಡಗಿತು. ನಮ್ಮ ಚಪ್ಪಲಿಗಳು ಮಣ್ಣಿನಲ್ಲಿ ಜಾರುತ್ತಿದ್ದವು. ನಾವು ಬಿಡಲಿಲ್ಲ.