ಇಪ್ಪತ್ತೂ ತಪ್ಪು

2019ರ ಅಕ್ಟೋಬರ್ 17, ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಗಣಿತದ ಮೇಷ್ಟ್ರು ಉತ್ತರಪತ್ರಿಕೆಯನ್ನು ಎರಡನೆಯ ಸಲ ತಾಳೆ ನೋಡಿದರು. ಇಪ್ಪತ್ತು ಪ್ರಶ್ನೆ, ಇಪ್ಪತ್ತೂ ತಪ್ಪು.

ಬರೆದವಳು ಎದುರಿನ ಬೆಂಚಿನಲ್ಲೇ ಕೂತಿದ್ದಳು. ಒಂಬತ್ತು ವರ್ಷ ವೆಲ್ಡಿಂಗ್ ಮಾಡಿ, ಮೂವತ್ತೊಂದರಲ್ಲಿ ಎಂಜಿನಿಯರಿಂಗ್ ಸೇರಿದವಳು. ಗಣಿತದಲ್ಲಿ ಹಿಂದುಳಿದ ಮೊದಲ ವರ್ಷದವರಿಗೆಂದು ಆಗಸ್ಟಿನಲ್ಲಿ ಬ್ರಿಡ್ಜ್ ಕೋರ್ಸ್ ಶುರುವಾದಾಗ ಮೂವತ್ತೆರಡು ಜನರಿದ್ದರು. ಒಬ್ಬೊಬ್ಬರೇ ಪರೀಕ್ಷೆ ಪಾಸಾಗಿ ಮುಖ್ಯ ತರಗತಿಗೆ ಹೋದರು. ಮೂರು ವಾರದಿಂದ ಈ ಕೋಣೆಯಲ್ಲಿ ಇವರಿಬ್ಬರೇ. ಇವತ್ತಿನದು ಅವಳ ಕೊನೆಯ ಅವಕಾಶ. ಹನ್ನೆರಡು ಬಾರದಿದ್ದರೆ ಅವಳ ಒಂದು ವರ್ಷ ಹೋಗುತ್ತದೆ, ಅವಳೊಬ್ಬಳಿಗಾಗಿ ಬ್ರಿಡ್ಜ್ ಕೋರ್ಸ್ ಮಾರ್ಚಿನವರೆಗೂ ನಡೆಯುತ್ತದೆ.

ಮೇಷ್ಟ್ರು ಹಾಳೆಯ ಅಂಚಿನಲ್ಲಿ ಏನೋ ಲೆಕ್ಕ ಹಾಕಿದರು.

"ಇಲ್ಲಿ ಬಾಮ್ಮ. ಕಣ್ಣು ಮುಚ್ಕೊಂಡು ಟಿಕ್ ಹಾಕಿದ್ರೂ ನಾಲ್ಕರಲ್ಲಿ ಒಂದರ ಹಾಗೆ ಐದಾದ್ರೂ ಸರಿಯಾಗ್ಬೇಕಿತ್ತು. ಒಂದೂ ಸರಿಯಾಗದೆ ಇರೋದು ಸಾವಿರಕ್ಕೆ ಮೂರು ಸಲ."

"ನನ್ನ ಹಣೆಬರಹ ಸರ್."

"ಹಣೆಬರಹ ಅಲ್ಲ. ಸರಿ ಉತ್ತರ ಗೊತ್ತಿದ್ದೋರು ಮಾತ್ರ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋಕಾಗೋದು."

ಅವಳು ಅಂಗೈಯ ಹಳೆಯ ಸುಟ್ಟ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು.

"ಬೇರೆ ಸಬ್ಜೆಕ್ಟಿಗೆ ಆ ಮೇನ್ ಕ್ಲಾಸಿಗೆ ಹೋದ್ರೆ ಎಲ್ರೂ ಆಂಟಿ ಅಂತಾರೆ ಸರ್. ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ಜಾಗ ಬಿಟ್ಟು ಎದ್ದು ಹೋಗ್ತಾರೆ. ನನ್ನ ಪಕ್ಕ ಕೂರೋದು ನನ್ನ ಬ್ಯಾಗೊಂದೇ."

"ಅದಕ್ಕೆ ವರ್ಷಾನೇ ಕಳ್ಕೊಳ್ಳೋದಾ?"

"ಇಲ್ಲಿ ಆದ್ರೆ ನೀವು ಬೈತೀರಿ. ಬೈಯೋಕಾದ್ರೂ ಒಬ್ರಿದ್ದಾರೆ."

ಐದು ಗಂಟೆಗೆ ಅಂಕಪಟ್ಟಿ ಆಫೀಸಿಗೆ ಹೋಗಬೇಕು. ಅದರಲ್ಲಿ ಸೊನ್ನೆ ಬರೆದರೆ ಮಾರ್ಚಿನವರೆಗೂ ದಿನಾ ಈ ಬಾಗಿಲು ತೆರೆಯುವುದಕ್ಕೆ ಮೇಷ್ಟ್ರಿಗೂ ಒಂದು ಕಾರಣವಿರುತ್ತದೆ. ಇಲ್ಲದಿದ್ದರೆ ನಾಳೆಯಿಂದ ಸ್ಟಾಫ್ ರೂಮಿನ ಮೂಲೆಯ ಮೇಜು, ಆಮೇಲೆ ತಾವೇ ಬೀಗ ಹಾಕಿ ಬಂದ, ತಾವೇ ಬೀಗ ತೆಗೆಯಬೇಕಾದ ಮನೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಪರೀಕ್ಷೆ ಮುಗಿಯೋಕೆ ಇನ್ನೂ ಟೈಮಿದೆ," ಎಂದು ಹೊಸ ಹಾಳೆ ಮುಂದಿಟ್ಟರು. "ಈ ಸಲ ಟಿಕ್ ಬೇಡ, ಬಿಡಿಸಿ ತೋರ್ಸು."

"ನಾನು ಬರೆಯಲ್ಲ ಅಂದ್ರೆ?"

"ಬೈತೀನಿ."

ಅವಳಿಗೆ ನಗು ಬಂತು. ಬ್ಯಾಗಿನಿಂದ ಪೆನ್ನು ತೆಗೆದಳು.

ನಾಲ್ಕು ಇಪ್ಪತ್ತಕ್ಕೆ ಹಾಳೆ ಕೊಟ್ಟಳು. ಹತ್ತೊಂಬತ್ತು ಸರಿ. ಹದಿನೇಳನೆಯದು, ಒಂದು ಲಾಗರಿದಮ್ ಲೆಕ್ಕ, ಅದು ಮಾತ್ರ ನಿಜವಾಗಿಯೂ ತಪ್ಪಾಗಿತ್ತು. ಮೇಷ್ಟ್ರು ಪಟ್ಟಿಯಲ್ಲಿ ಅಂಕ ತುಂಬಿ, ಸಹಿ ಮಾಡಿ, ಸೀಮೆಸುಣ್ಣ ಹಿಡಿದು ಎದ್ದರು.

"ಇದೊಂದು ಹೇಳ್ಕೊಟ್ಬಿಡ್ತೀನಿ."

ಅದು ಎರಡು ನಿಮಿಷದ ಲೆಕ್ಕ. ಅವರು ಲಾಗರಿದಮ್ ಅಂದರೇನು ಎಂಬಲ್ಲಿಂದ ಶುರು ಮಾಡಿದರು. ಗೊತ್ತಿದ್ದ ಹಂತದಲ್ಲೂ ಅವಳು "ಇನ್ನೊಂದ್ಸಲ ಹೇಳಿ ಸರ್" ಅಂದಳು. ಮುಗಿಯುವ ಹೊತ್ತಿಗೆ ಇಪ್ಪತ್ತಮೂರು ನಿಮಿಷವಾಗಿತ್ತು.